ಗಡಿಯಾರ ರೆಫರಿಯ ಕೈಯಲ್ಲಿಲ್ಲ: ಕಾಲೇಜು ಸಾಕರ್ ರೆಫರಿಯಾದ ಒಂದು ಪ್ರಕರಣ

2022ರ ಆಗಸ್ಟ್ ಕೊನೆಯ ವಾರ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಒಂದು ಸಣ್ಣ ಕಾಲೇಜಿನ ಮೈದಾನ. ಸೀಸನ್ ಶುರುವಾಗುವ ಮುಂಚಿನ ಸಾಕರ್ (ನಮ್ಮ ಫುಟ್‌ಬಾಲ್) ಅಭ್ಯಾಸ ಪಂದ್ಯ, ಹುಡುಗಿಯರ ತಂಡಗಳದ್ದು. ಸಂಜೆ ಆದರೂ ಬೆವರು ಆರದ ಸೆಕೆ. ಸ್ಕೋರ್‌ಬೋರ್ಡಿನಲ್ಲಿ ಮೊದಲ ಹಾಫ್ ಮುಗಿಯಲು 13 ನಿಮಿಷ ಚಿಲ್ಲರೆ ಉಳಿದಿತ್ತು. ಗೋಲ್ ಆಯಿತು. ರೆಫರಿ ಸೆಂಟರ್ ಕಡೆ ಕೈ ತೋರಿಸಿ, ಹಿಂದೆ ಹಿಂದೆ ಓಡುತ್ತಾ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಗೋಲ್ ಹೊಡೆದವಳ ನಂಬರ್ ಬರೆದುಕೊಂಡಳು. ಎಲ್ಲ ಸರಿಯಾಗಿದೆ ಅನ್ನುವ ಮುಖ.

ಬೆಂಚಿನಿಂದ ಕೋಚ್ ಕೂಗಿದರು: "ಕ್ಲಾಕ್! ಕ್ಲಾಕ್!"

ಗಡಿಯಾರ ಓಡುತ್ತಲೇ ಇತ್ತು. ಟೇಬಲ್ ಹತ್ತಿರ ಕೂತಿದ್ದ ಟೈಮ್‌ಕೀಪರ್ ಒಬ್ಬ ವಿದ್ಯಾರ್ಥಿ. ಬಟನ್ ಮೇಲೆ ಬೆರಳಿಟ್ಟುಕೊಂಡು ರೆಫರಿಯ ಸನ್ನೆಗೆ ಕಾಯುತ್ತಿದ್ದ. ರೆಫರಿಗೆ ತಾನು ಸನ್ನೆ ಮಾಡಬೇಕು ಅನ್ನುವುದೇ ಮರೆತುಹೋಗಿತ್ತು. ಸುಮಾರು 40 ಸೆಕೆಂಡು ಹಾಗೇ ಹೋಯಿತು.

ಆ ರೆಫರಿ ನನ್ನ ಹೆಂಡತಿ. ನಾನು ಬೇಲಿ ಆಚೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ.

ಅವಳು ಈ ಮೈದಾನಕ್ಕೆ ಹೇಗೆ ಬಂದಳು, ಎಲ್ಲೆಲ್ಲಿ ಎಡವಿದಳು ಅನ್ನುವುದನ್ನು ಬರೆದಿಡೋಣ ಅನ್ನಿಸಿತು. ನಮ್ಮವರು ಸುಮಾರು ಜನ ಈಗ ಮಕ್ಕಳ ಸಾಕರ್ ಪಂದ್ಯಗಳಲ್ಲಿ ಸೀಟಿ ಊದುತ್ತಾರೆ. ಅದರಲ್ಲಿ ಕೆಲವರು "ಕಾಲೇಜು ಮ್ಯಾಚ್ ಮಾಡೋದು ಹೇಗೆ?" ಅಂತ ಅವಳನ್ನು ಕೇಳುತ್ತಾರೆ. ಓಟದ ಪರೀಕ್ಷೆ ಕಷ್ಟವಾ, ಅದನ್ನೇ ಎಲ್ಲರೂ ಮೊದಲು ಕೇಳುವುದು. ಅವಳನ್ನು ಬೀಳಿಸಿದ್ದು ಓಟ ಅಲ್ಲ. ನಾಲ್ಕು ವರ್ಷ ಕಷ್ಟಪಟ್ಟು ಕಲಿತ ಅಭ್ಯಾಸಗಳು.

ಮೊದಲು ವೀಸಾ, ಆಮೇಲೆ ಸೀಟಿ

ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನಮ್ಮವರಿಗೆ ನಿಜವಾದ ಮೊದಲ ಗೇಟು ಇದೇ. ರೆಫರಿಗೆ ಪ್ರತಿ ಪಂದ್ಯಕ್ಕೂ ದುಡ್ಡು ಕೊಡುತ್ತಾರೆ. ದುಡ್ಡು ಬಂದರೆ ಅದು ಕೆಲಸ. ನಾನು ಎಚ್-1ಬಿ ವೀಸಾದವನು. ಎಚ್-1ಬಿ ಅಂದರೆ ಅರ್ಜಿ ಹಾಕಿದ ಕಂಪನಿಗೆ ಮಾತ್ರ ಕೆಲಸ ಮಾಡಬೇಕು, ಒಂದೇ ಗೂಟಕ್ಕೆ ಕಟ್ಟಿದ ಹಸು. ಪಕ್ಕದ ಹೊಲದಲ್ಲಿ ಎಷ್ಟೇ ಹುಲ್ಲಿದ್ದರೂ ಬಾಯಿ ಹಾಕುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ಏಳು ವರ್ಷದ ಮಕ್ಕಳ ಪಂದ್ಯಕ್ಕೆ ಸೀಟಿ ಊದಿ ನಾಲ್ಕು ಕಾಸು ತಗೊಂಡರೂ ಅದು ಪರವಾನಗಿ ಇಲ್ಲದ ಕೆಲಸವೇ. "ದುಡ್ಡು ಬೇಡ, ಸುಮ್ನೆ ಮಾಡ್ತೀನಿ" ಅಂತ ನಾನು ನಮ್ಮ ವಕೀಲರನ್ನು ಕೇಳಿದೆ. ಬೇರೆಯವರಿಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ನೀವು ಪುಕ್ಕಟೆ ಮಾಡಿದರೂ ತೊಂದರೆಯೇ, ಬೇಡ ಅಂದರು. ನನ್ನ ರೆಫರಿ ಆಸೆ ಅಲ್ಲಿಗೆ ಮುಗಿಯಿತು.

ಅವಳದು ಎಚ್-4, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾ. ಮೊದಲು ಎಚ್-4 ಇದ್ದವರಿಗೆ ಯಾವ ಕೆಲಸಕ್ಕೂ ಅನುಮತಿ ಇರಲಿಲ್ಲ. 2015ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿ ಐ-140 ಅನ್ನುವ ಹಂತ ದಾಟಿದ್ದರೆ ಎಚ್-4 ಸಂಗಾತಿಯೂ ಕೆಲಸದ ಪರವಾನಗಿ ಕೇಳಬಹುದು. ಅದನ್ನು ಎಲ್ಲರೂ ಇಎಡಿ ಅನ್ನುತ್ತಾರೆ. ಅದರಲ್ಲಿ ಒಬ್ಬರೇ ಮಾಲೀಕರಿರಬೇಕು ಅನ್ನುವ ಕಟ್ಟು ಇಲ್ಲ. ರೆಫರಿಗಳು ಯಾರ ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ಹಾಗಾಗಿ ಅವಳಿಗೆ ಇಎಡಿ ಬಂದಾಗ, 2017ರಲ್ಲಿ, ಆ ಗೇಟು ತೆರೆಯಿತು. ನನಗೆ ಇವತ್ತಿಗೂ ತೆರೆದಿಲ್ಲ.

ಅವಳು ಹಲಸೂರಿನ ಹುಡುಗಿ. ಗೌತಮಪುರದ ಹತ್ತಿರ ಬೆಳೆದವಳು. ಅಲ್ಲಿನ ಗಲ್ಲಿಗಳಲ್ಲಿ ಪೆಲೆ ಪ್ರತಿಮೆ ನೋಡಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದ್ದಳು. 2018ರ ವಸಂತದಲ್ಲಿ ಕ್ಯಾರಿ ಊರಿನಲ್ಲಿ ನಮ್ಮ ಏಳು ವರ್ಷದ ಮಗಳ ಪಂದ್ಯಕ್ಕೆ ರೆಫರಿ ಬರಲಿಲ್ಲ. ಅಪ್ಪ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವಳು ಸಲ್ವಾರ್ ತೋಳು ಮಡಚಿ ಒಳಗೆ ಹೋದಳು. ಮುಂದಿನ ತಿಂಗಳು ಕೋರ್ಸಿಗೆ ಸೇರಿದಳು.

ಆ ಕೋರ್ಸ್ ದೊಡ್ಡ ವಿಷಯವಲ್ಲ. ಅಮೆರಿಕದ ಸಾಕರ್ ಫೆಡರೇಶನ್ ನಡೆಸುತ್ತದೆ. 13 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು. ಒಂದಿಷ್ಟು ಪಾಠ ಆನ್‌ಲೈನ್, ಒಂದಿಷ್ಟು ಮೈದಾನದಲ್ಲಿ. ದೊಡ್ಡವರಾದರೆ ಹಿನ್ನೆಲೆ ತನಿಖೆ, ಜೊತೆಗೆ ಮಕ್ಕಳ ಸುರಕ್ಷತೆಯ ಸೇಫ್‌ಸ್ಪೋರ್ಟ್ ತರಬೇತಿ. ಆಗ ಅದಕ್ಕೆ ಗ್ರೇಡ್ 8 ಅನ್ನುತ್ತಿದ್ದರು, ಸ್ವಲ್ಪ ದಿನದಲ್ಲೇ ಹೆಸರು ಗ್ರಾಸ್‌ರೂಟ್ಸ್ ಅಂತಾಯಿತು. ನಾಲ್ಕು ವರ್ಷದಲ್ಲಿ ಅವಳು ಪುಟಾಣಿಗಳಿಂದ ಹಿಡಿದು 19 ವರ್ಷದೊಳಗಿನ ಹುಡುಗಿಯರ ಕ್ಲಬ್ ಪಂದ್ಯದವರೆಗೆ ಬಂದಳು. ಅಲ್ಲಿ 45 ನಿಮಿಷದ ಹಾಫ್. ಮಣಿಕಟ್ಟಿನ ವಾಚೇ ಕೊನೇ ಮಾತು.

ಬಿಟ್ಟುಹೋದ ಮೆಟ್ಟಿಲು

ಕ್ಲಬ್ ಪಂದ್ಯಕ್ಕೂ ಕಾಲೇಜು ಪಂದ್ಯಕ್ಕೂ ನಡುವೆ ಇಲ್ಲಿ ಒಂದು ಮೆಟ್ಟಿಲಿದೆ: ಹೈಸ್ಕೂಲ್. ಬಹಳ ಜನ ಅದನ್ನು ಹತ್ತಿಯೇ ಮುಂದೆ ಹೋಗುತ್ತಾರೆ. ಅವಳು ಹತ್ತಲಿಲ್ಲ. ಹೈಸ್ಕೂಲ್ ಪಂದ್ಯಗಳು ವಾರದ ದಿನ, ಮಗಳು ಸ್ಕೂಲಿನಿಂದ ಬರುವ ಹೊತ್ತಿಗೇ. ನನಗೆ ಆಫೀಸು. ಯಾರು ಕರ್ಕೊಂಡು ಬರೋದು? "ಆಟ ಅದೇ ತಾನೆ, ಬಿಡು" ಅಂದುಕೊಂಡೆವು. ಈ ಪ್ರಕರಣದಲ್ಲಿ ನಾವು ಮಾಡಿದ ದೊಡ್ಡ ತಪ್ಪು ಅದು, ಮತ್ತು ಆ ಮಾತು ಹೇಳಿದ್ದು ನಾನು.

ಆಟ ಅದೇ ಅಲ್ಲ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎಗೆ ಸಾಕರ್‌ನಲ್ಲಿ ತನ್ನದೇ ನಿಯಮ ಪುಸ್ತಕವಿದೆ. ಪ್ರಪಂಚವೆಲ್ಲ ಒಪ್ಪಿದ ಪುಸ್ತಕ ಒಂದು ಕಡೆ, ಇವರದ್ದು ಒಂದು ಕಡೆ. ಆಫ್‌ಸೈಡ್, ಫೌಲ್ ಎಲ್ಲ ಹೆಚ್ಚು ಕಡಿಮೆ ಒಂದೇ. ಬದಲಾಗುವುದು ಆಟವನ್ನು ನಡೆಸುವ ರೀತಿ. ಹೊರಗೆ ಹೋದ ಆಟಗಾರ್ತಿಯ ವಿಷಯ ತಗೊಳ್ಳಿ. ವಿಶ್ವಕಪ್‌ನಲ್ಲಿ ಹೊರಗೆ ಹೋದರೆ ಹೋದಂತೆಯೇ. ಇಲ್ಲಿನ ಮಕ್ಕಳ ಪಂದ್ಯದಲ್ಲಿ ಎಷ್ಟು ಸಲ ಬೇಕಾದರೂ ವಾಪಸ್ ಬರಬಹುದು. ಕಾಲೇಜಿನಲ್ಲಿ ಎರಡರ ನಡುವಿನ ಹದ: ಮೊದಲ ಹಾಫ್‌ನಲ್ಲಿ ಹೊರಗೆ ಹೋದವಳು ಆ ಹಾಫ್‌ನಲ್ಲಿ ಮತ್ತೆ ಬರುವ ಹಾಗಿಲ್ಲ, ಎರಡನೇ ಹಾಫ್‌ನಲ್ಲಿ ಒಂದು ಸಲ ವಾಪಸ್ ಬರಬಹುದು. ಐದು ಯೆಲ್ಲೋ ಕಾರ್ಡ್ ಸೇರಿದರೆ ಮುಂದಿನ ಪಂದ್ಯ ಇಲ್ಲ. ಇವನ್ನೆಲ್ಲ ಬಾಯಿಪಾಠ ಮಾಡಬಹುದು.

ಗಡಿಯಾರವನ್ನು ಬಾಯಿಪಾಠ ಮಾಡಲಾಗುವುದಿಲ್ಲ. ಬೇರೆ ಕಡೆ ಫುಟ್‌ಬಾಲ್ ಗಡಿಯಾರ ನಿಲ್ಲುವುದೇ ಇಲ್ಲ, ಹಾಳಾದ ಸಮಯವನ್ನು ರೆಫರಿ ಕೊನೆಗೆ ಸೇರಿಸುತ್ತಾರೆ. ಎಷ್ಟು ಸೇರಿಸಿದರು ಅನ್ನುವುದು ಅವರಿಗೂ ದೇವರಿಗೂ ಮಾತ್ರ ಗೊತ್ತು. ಕಾಲೇಜಿನಲ್ಲಿ ಸಮಯ ಸ್ಕೋರ್‌ಬೋರ್ಡಿನಲ್ಲಿದೆ. 45ರಿಂದ ಸೊನ್ನೆಗೆ ಇಳಿಯುತ್ತದೆ. ಗೋಲ್ ಆದರೆ, ಪೆನಾಲ್ಟಿ ಕೊಟ್ಟರೆ, ಕಾರ್ಡ್ ತೋರಿಸಿದರೆ, ಗಾಯವಾಗಿ ರೆಫರಿ ಹೇಳಿದರೆ ನಿಲ್ಲಬೇಕು. ನಿಲ್ಲಿಸಲು ರೆಫರಿ ಎರಡೂ ಕೈ ತಲೆ ಮೇಲೆತ್ತಿ ಮಣಿಕಟ್ಟು ಅಡ್ಡಡ್ಡ ಇಡಬೇಕು, ಗುಣಾಕಾರದ ಚಿಹ್ನೆ ಹಾಗೆ. ಕೊನೆಯ 10 ಸೆಕೆಂಡು ಜೋರಾಗಿ ಎಣಿಸುತ್ತಾರೆ. ಸೊನ್ನೆ, ಹಾರ್ನ್, ಮುಗೀತು. ನಾವು ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ನೋಡಿದವರು, ಕೇಳಿದರೆ ಸುಲಭ ಅನ್ನಿಸುತ್ತದೆ. ನಾಲ್ಕು ವರ್ಷ ಬೇರೆ ರೀತಿ ಓಡಿದ ಕಾಲಿಗೆ, ಕೈಗೆ ಸುಲಭ ಅಲ್ಲ.

ಹಳೇ ಪುಸ್ತಕ, ಹೊಸ ಪರೀಕ್ಷೆ

ಕಾಲೇಜು ರೆಫರಿಗಳನ್ನು ತಯಾರು ಮಾಡುವ ಸಂಘವೊಂದಿದೆ, ನಿಸೋವಾ ಅಂತ. 1964ರಲ್ಲಿ ಶುರುವಾದದ್ದು. ಊರೂರಿಗೆ ಅದರ ಚಾಪ್ಟರ್‌ಗಳಿವೆ. ಚಂದಾ ಕಟ್ಟಬೇಕು, ಬೇಸಿಗೆಯಲ್ಲಿ ಕ್ಲಿನಿಕ್ ಅನ್ನುವ ತರಬೇತಿ ಶಿಬಿರಕ್ಕೆ ಹೋಗಬೇಕು, ನಿಯಮದ ಪರೀಕ್ಷೆ ಬರೆಯಬೇಕು, ಓಡಿ ತೋರಿಸಬೇಕು, ಮೈದಾನದಲ್ಲಿ ಹಿರಿಯರು ನೋಡಿ ಹೇಳಬೇಕು. ಒಂದು ಸಲ ಪಾಸಾದರೆ ಜೀವನಪೂರ್ತಿ ಅಲ್ಲ, ಪ್ರತಿ ವರ್ಷ ಮತ್ತೆ ಇದೇ. ಅವಳು 2022ರ ಬೇಸಿಗೆಯಲ್ಲಿ ಸೇರಿದಳು.

ಪರಿಚಯದ ಹಿರಿಯ ರೆಫರಿಯೊಬ್ಬರು ತಮ್ಮ ನಿಯಮ ಪುಸ್ತಕ ಕೊಟ್ಟಿದ್ದರು. ಒಳ್ಳೇ ಮನಸ್ಸಿನಿಂದಲೇ. ಹಳದಿ ಮಾರ್ಕರ್‌ನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದ ಪುಸ್ತಕ. ಅವಳು ಅದನ್ನು ತಿಂದು ಕುಡಿದಳು. ಕ್ಲಿನಿಕ್‌ನಲ್ಲಿ ಅಭ್ಯಾಸಕ್ಕೆ ಅಂತ 25 ಪ್ರಶ್ನೆ ಕೊಟ್ಟರು. ಒಂಬತ್ತು ತಪ್ಪು. ಅದರಲ್ಲಿ ಮೂರು ಓವರ್‌ಟೈಮ್‌ ಮೇಲಿನವು, ಅವಕ್ಕೆ ಅವಳು ಕಣ್ಣುಮುಚ್ಚಿ ಉತ್ತರ ಬರೆದಿದ್ದಳು. 90 ನಿಮಿಷಕ್ಕೆ ಸಮ ಆದರೆ ತಲಾ 10 ನಿಮಿಷದ ಎರಡು ಅವಧಿ, ಮೊದಲ ಗೋಲ್ ಬಿದ್ದ ಕೂಡಲೇ ಆಟ ಮುಗಿತು. ಪುಸ್ತಕದಲ್ಲಿ ಹಾಗೇ ಇತ್ತು, ಅದಕ್ಕೆ ಹಳದಿ ಗೆರೆಯೂ ಇತ್ತು.

ಪುಸ್ತಕ 2020 ಮತ್ತು 2021ರದ್ದು. ಎನ್‌ಸಿಎಎ ಎರಡು ವರ್ಷಕ್ಕೊಮ್ಮೆ ಪುಸ್ತಕ ಬದಲಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಗೋಲ್ಡನ್ ಗೋಲ್, ಅಂದರೆ ಮೊದಲ ಗೋಲಿಗೇ ಆಟ ಮುಗಿಯುವ ಆ ನಿಯಮ, ತೆಗೆದುಹಾಕಿದ್ದರು. ಲೀಗ್ ಪಂದ್ಯಗಳಲ್ಲಿ ಓವರ್‌ಟೈಮೇ ಇಲ್ಲ, ಸಮ ಆದರೆ ಸಮ. ಟೂರ್ನಿಯಲ್ಲಿ ಮಾತ್ರ 10 ನಿಮಿಷದ ಎರಡು ಅವಧಿ, ಗೋಲ್ ಬಿದ್ದರೂ ಪೂರ್ತಿ ಆಡಬೇಕು, ಆಮೇಲೆ ಪೆನಾಲ್ಟಿ ಕಿಕ್‌ಗಳು. ಅವಳು ಆ ರಾತ್ರಿಯೇ ಹೊಸ ಪುಸ್ತಕ ತಂದುಕೊಂಡಳು. ಹಳೆಯದು ಈಗ ನಮ್ಮ ಮನೆ ಬಾಗಿಲು ಬಡಿಯದ ಹಾಗೆ ಅಡ್ಡ ಇಡಲು ಬಳಕೆಯಾಗುತ್ತಿದೆ.

ಓಟದ ಬಗ್ಗೆ ಎರಡೇ ಮಾತು. ಫಿಫಾ ರೆಫರಿಗಳ ಪರೀಕ್ಷೆಯಲ್ಲಿ 75 ಮೀಟರ್ ಓಡಿ 25 ಮೀಟರ್ ನಡೆಯುವುದನ್ನು 40 ಸಲ ಮಾಡಬೇಕು, ಅಂದರೆ ಟ್ರ್ಯಾಕ್‌ನಲ್ಲಿ ಹತ್ತು ಸುತ್ತು. ಕಾಲೇಜಿನದು ಅದಕ್ಕಿಂತ ಮೆತ್ತಗೆ. ಆದರೂ ಅವಳು ಅದನ್ನೇ ಸ್ವಲ್ಪ ನಿಧಾನದ ಲೆಕ್ಕದಲ್ಲಿ ಅಭ್ಯಾಸ ಮಾಡಿದಳು. ರಾತ್ರಿ ಎಂಟರ ಮೇಲೆ ಹತ್ತಿರದ ಸ್ಕೂಲ್ ಟ್ರ್ಯಾಕಿನಲ್ಲಿ. ನಾನು ಫೋನಿನಲ್ಲಿ ಬೀಪ್ ಹಾಕಿಕೊಂಡು ನಿಲ್ಲುತ್ತಿದ್ದೆ. 38 ವರ್ಷ, ಒಂದು ಹೆರಿಗೆ, ಜುಲೈ ಸೆಕೆ. ಮೊದಲ ಪ್ರಯತ್ನದಲ್ಲೇ ಪಾಸ್.

ಆ ಸಂಜೆಯ ಉಳಿದ ಭಾಗ

ಈಗ ಆಗಸ್ಟ್ ಪಂದ್ಯಕ್ಕೆ ವಾಪಸ್. ಹೊಸಬರಿಗೆ ನೇರವಾಗಿ ದೊಡ್ಡ ಪಂದ್ಯ ಸಿಗುವುದಿಲ್ಲ. ಅಭ್ಯಾಸ ಪಂದ್ಯ, ಎರಡು ವರ್ಷದ ಜೂನಿಯರ್ ಕಾಲೇಜು, ಎನ್‌ಸಿಎಎಯ ಮೂರು ದರ್ಜೆಗಳಲ್ಲಿ ಕೊನೆಯದಾದ ಡಿವಿಷನ್ 3, ಅದೂ ಹೆಚ್ಚಾಗಿ ಲೈನ್ ಮೇಲೆ ಬಾವುಟ ಹಿಡಿದು. ಆ ದಿನ ಅಭ್ಯಾಸ ಪಂದ್ಯವಾದ್ದರಿಂದ ಅವಳಿಗೆ ಸೆಂಟರ್, ಅಂದರೆ ಸೀಟಿ ಹಿಡಿಯುವ ಮುಖ್ಯ ರೆಫರಿಯ ಜಾಗ, ಕೊಟ್ಟಿದ್ದರು.

40 ಸೆಕೆಂಡಿನ ವಿಷಯ ಟೇಬಲ್ ಹತ್ತಿರ ಮಾತಾಡಿ ಸರಿ ಮಾಡಿದರು, ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರು. ಅದು ಮುಗೀತು ಅಂದುಕೊಂಡರೆ ಹಾಫ್ ಕೊನೆಯಲ್ಲಿ ಇನ್ನೊಂದು. ಕಾರ್ನರ್ ಕಿಕ್. ಮೈಕಿನಲ್ಲಿ ಎಣಿಕೆ: ನಾಲ್ಕು, ಮೂರು. ಚೆಂಡು ಗಾಳಿಯಲ್ಲಿದೆ. ಎರಡು, ಒಂದು, ಹಾರ್ನ್. ಹಾರ್ನ್ ಆದ ಮೇಲೆ ಒಬ್ಬಳು ತಲೆ ಕೊಟ್ಟಳು, ಚೆಂಡು ನೆಟ್ ಒಳಗೆ.

ಕ್ಲಬ್ ಪಂದ್ಯದಲ್ಲಿ ಯಾವ ರೆಫರಿಯೂ ಕಾರ್ನರ್ ಗಾಳಿಯಲ್ಲಿರುವಾಗ ಸೀಟಿ ಊದುವುದಿಲ್ಲ. ಊದಿದರೆ ಗ್ರೌಂಡಿನಿಂದ ಮನೆಗೆ ಹೋಗುವುದು ಕಷ್ಟ. ಅವಳ ಕೈ ತನ್ನಷ್ಟಕ್ಕೇ ಸೆಂಟರ್ ಕಡೆ ಎದ್ದಿತು. ಅರ್ಧ ಎದ್ದ ಕೈ ನನಗೆ ಬೇಲಿ ಆಚೆಯಿಂದ ಕಾಣುತ್ತಿತ್ತು. ಅಷ್ಟರಲ್ಲಿ ಲೈನ್ ಮೇಲಿದ್ದ ಅನುಭವಿ ಹೆಂಗಸು ಬಾವುಟ ಕೆಳಗಿಟ್ಟು ಓಡಿ ಬಂದರು. ಕಿವಿಯಲ್ಲಿ ಎರಡು ಮಾತು. ಸೊನ್ನೆ ಆಗುವ ಮೊದಲು ಚೆಂಡು ಪೂರ್ತಿ ಗೆರೆ ದಾಟಿರಬೇಕು, ದಾಟಿರಲಿಲ್ಲ. ಗೋಲ್ ಇಲ್ಲ. ಒಂದು ಬೆಂಚ್ ನಕ್ಕಿತು, ಇನ್ನೊಂದು ಬೆಂಚ್ ಗೊಣಗಿತು. ಲೆಕ್ಕಕ್ಕಿಲ್ಲದ ಪಂದ್ಯ ಅನ್ನುವುದೊಂದೇ ಸಮಾಧಾನ.

ಕಾರಿನಲ್ಲಿ ಅರ್ಧ ದಾರಿ ಮಾತಿಲ್ಲ. ಆಮೇಲೆ ಅಂದಳು: "ನಂಗೆ ರೂಲ್ ಗೊತ್ತಿತ್ತು ಕಣೋ. ಕೈಗೆ ಗೊತ್ತಿರ್ಲಿಲ್ಲ."

ಮಾರನೇ ದಿನದಿಂದ ಅಡುಗೆ ಮನೆಯಲ್ಲಿ ಪಾಠ. ಮೈಕ್ರೊವೇವ್ ಗಡಿಯಾರ ಕೂಡ ಮೇಲಿಂದ ಕೆಳಗೆ ಎಣಿಸುತ್ತದೆ, ಅಲ್ವಾ? ಸಾರು ಬಿಸಿಗೆ ಇಟ್ಟು ಎರಡು ನಿಮಿಷ ಒತ್ತುವಳು. ಮಗಳು ಟೈಮ್‌ಕೀಪರ್. ಅವಳು ಯಾವಾಗಲೋ "ಗೋಲ್!" ಅಂತ ಕೂಗಬೇಕು, ಅಮ್ಮ ಸೌಟು ಹಿಡಿದ ಕೈಯನ್ನೇ ತಲೆ ಮೇಲೆ ಅಡ್ಡ ಹಾಕಬೇಕು, ಮಗಳು ನಿಲ್ಲಿಸುವ ಬಟನ್ ಒತ್ತಬೇಕು. ಆಮೇಲೆ ಕೈ ಗಿರ್ರನೆ ತಿರುಗಿಸಿದರೆ ಮತ್ತೆ ಶುರು. ಎರಡು ವಾರ ನಮಗೆ ಸಾರು ಸರಿಯಾಗಿ ಬಿಸಿಯಾಗಲೇ ಇಲ್ಲ.

ಕಾರ್ಡ್ ಬಂತು, ಸೀಸನ್ ಹೋಯಿತು

ಸೆಪ್ಟೆಂಬರ್ ಮೊದಲ ಎರಡು ವಾರ ಲೈನ್ ಮೇಲೆ ಮೂರು ಪಂದ್ಯ ಸಿಕ್ಕಿತು. ಚೆನ್ನಾಗಿಯೇ ಆಯಿತು. ತಿಂಗಳ ಮಧ್ಯದಲ್ಲಿ ಅವಳ ಇಎಡಿ ಮುಗಿಯಿತು. ಹೊಸದಕ್ಕೆ ಅರ್ಜಿ ಹಾಕಿ ತಿಂಗಳುಗಳೇ ಆಗಿತ್ತು, ಕಾರ್ಡ್ ಬಂದಿರಲಿಲ್ಲ. ವೀಸಾ ಅವಧಿಯೂ ಅದರ ಜೊತೆಗೇ ಮುಗಿಯುತ್ತಿದ್ದ ಕಾರಣ ಹಳೇ ಕಾರ್ಡನ್ನು ಮುಂದುವರಿಸುವ ಸೌಲಭ್ಯವೂ ಸಿಗಲಿಲ್ಲ. ಆ ಕಾಲದಲ್ಲಿ ಎಚ್-4 ಹೆಂಗಸರು ಎಷ್ಟೋ ಜನ ಇದೇ ಕಾರಣಕ್ಕೆ ನೌಕರಿ ಬಿಟ್ಟು ಕೂತಿದ್ದರು. ಅವರ ನಷ್ಟದ ಮುಂದೆ ನಮ್ಮದು ಚಿಕ್ಕದು.

ಆದರೆ ಕಾಲೇಜು ಸೀಸನ್ ಪುಟ್ಟದು. ಆಗಸ್ಟ್ ಕೊನೆಗೆ ಶುರುವಾದರೆ ನವೆಂಬರ್ ಹೊತ್ತಿಗೆ ಹೆಚ್ಚಿನ ತಂಡಗಳದ್ದು ಮುಗಿದೇ ಹೋಗುತ್ತದೆ. ಪಂದ್ಯ ಹಂಚುವವರನ್ನು ಅಸೈನರ್ ಅನ್ನುತ್ತಾರೆ. ಆರ್ಬಿಟರ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಮ್ಮ ಬಿಡುವಿನ ದಿನ ನೋಡಿ ಪಂದ್ಯ ಕೊಡುತ್ತಾರೆ. ಅವಳು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಎಲ್ಲ ದಿನ ಬ್ಲಾಕ್ ಮಾಡಿದಳು. ಕಾರಣ ವಿವರವಾಗಿ ಬರೆದು ಕಳಿಸಿದಳು. ಒಂದು ಸಾಲಿನ ಉತ್ತರ ಬಂತು. ಸರ್ಟಿಫಿಕೇಟ್ ಇರುವುದು ಬೇರೆ, ಅಸೈನರ್ ಮನಸ್ಸಿನಲ್ಲಿ ಹೆಸರು ಇರುವುದು ಬೇರೆ ಅನ್ನುವುದು ಆಗ ತಿಳಿಯಿತು. ಕಾರ್ಡಿನ ಕೊನೇ ದಿನಾಂಕವನ್ನು ಸೀಸನ್ ಪಕ್ಕ ಇಟ್ಟು ನೋಡುವುದು ನಮಗೆ ಹೊಳೆದೇ ಇರಲಿಲ್ಲ.

ಸೀಟಿ ಊದುವ ಹಾಗಿಲ್ಲ ಅಂದಮೇಲೆ ನೋಡಲು ಹೋದೆವು. ಹೆಂಗಸರ ಕಾಲೇಜ್ ಕಪ್ ಫೈನಲ್ ಆ ವರ್ಷ ನಮ್ಮ ಕ್ಯಾರಿಯಲ್ಲೇ, ವೇಕ್‌ಮೆಡ್ ಸಾಕರ್ ಪಾರ್ಕ್‌ನಲ್ಲಿ. ಡಿಸೆಂಬರ್ 5. ಯುಎನ್‌ಸಿ ಮತ್ತು ಲಾಸ್ ಏಂಜಲೀಸ್‌ನ ಯುಸಿಎಲ್‌ಎ. ಯುಎನ್‌ಸಿ ಅಂದರೆ ಇಲ್ಲಿಂದ ಅರ್ಧ ಗಂಟೆ ದೂರದ ಚಾಪೆಲ್ ಹಿಲ್‌ನವರು, ಹೆಂಗಸರ ಕಾಲೇಜು ಸಾಕರ್‌ನಲ್ಲಿ ಅತಿ ಹೆಚ್ಚು ಸಲ ಗೆದ್ದವರು. ಇಲ್ಲಿ ಹುಡುಗಿಯರ ಕಾಲೇಜು ತಂಡಗಳು ಹುಡುಗರದ್ದಕ್ಕಿಂತ ಬಹಳ ಜಾಸ್ತಿ. ಡಿವಿಷನ್ 1ರಲ್ಲಿ ಹುಡುಗರದ್ದು 200ರ ಆಸುಪಾಸು, ಹುಡುಗಿಯರದ್ದು 330ಕ್ಕೂ ಮೇಲೆ. ಓದಿನಲ್ಲಿ, ಆಟದಲ್ಲಿ ಹೆಣ್ಣು ಗಂಡಿಗೆ ಸಮ ಅವಕಾಶ ಕೊಡಿ ಅನ್ನುವ 1972ರ ಟೈಟಲ್ 9 ಕಾನೂನು ಅದರ ಹಿಂದಿದೆ.

ಯುಎನ್‌ಸಿ 2-0 ಮುಂದಿತ್ತು. 80ನೇ ನಿಮಿಷದಲ್ಲಿ ಒಂದು ಗೋಲ್ ವಾಪಸ್ ಬಂತು. ಕೊನೆಗೆ ಯುಸಿಎಲ್‌ಎಗೆ ಕಾರ್ನರ್. ರೈಲಿನ್ ಟರ್ನರ್ ತಲೆ ಕೊಟ್ಟಳು. ಗೋಲ್. 2-2. ಸ್ಟೇಡಿಯಂ ಪೂರ್ತಿ ನೆಟ್ ಕಡೆ ನೋಡುತ್ತಿತ್ತು. ಇವಳು ಮಾತ್ರ ಸ್ಕೋರ್‌ಬೋರ್ಡ್ ಕಡೆ ಕೈ ತೋರಿಸಿ ನನ್ನ ತೋಳು ಹಿಂಡಿದಳು. ಉಳಿದಿದ್ದು 16 ಸೆಕೆಂಡು. ಅವಳ ಆಗಸ್ಟ್ ಪಂದ್ಯದಲ್ಲಿ ಸುಮ್ನೆ ಹರಿದು ಹೋದದ್ದು 40.

ಓವರ್‌ಟೈಮ್‌ಗೆ ಹೋಯಿತು. 107ನೇ ನಿಮಿಷದಲ್ಲಿ ಮಾರಿಕಾರ್ಮೆನ್ ರೆಯಸ್ ಗೋಲ್ ಹೊಡೆದಳು. ಹಿಂದಿನ ವರ್ಷವಾಗಿದ್ದರೆ ಅಲ್ಲಿಗೇ ಆಟ ಮುಗಿದು ಎಲ್ಲರೂ ಮೈದಾನಕ್ಕೆ ನುಗ್ಗುತ್ತಿದ್ದರು. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಜಾಕೆಟ್ ಹಾಕಿಕೊಂಡರು. "ಇನ್ನೂ ಮೂರು ನಿಮಿಷ ಇದೆ" ಅಂತ ನನ್ನ ಹೆಂಡತಿ ತಿರುಗಿ ಹೇಳಿದಳು. ಕ್ಲಿನಿಕ್‌ನಲ್ಲಿ ತಪ್ಪು ಮಾಡಿದ ಅದೇ ಪ್ರಶ್ನೆ. ಯುಸಿಎಲ್‌ಎ 3-2ರಿಂದ ಗೆದ್ದಿತು.

ಮತ್ತೆ ಮೆಟ್ಟಿಲು

ಹೊಸ ಕಾರ್ಡ್ 2023ರ ಫೆಬ್ರವರಿಯಲ್ಲಿ ಬಂತು. ಕಾಲೇಜು ಸೀಸನ್‌ಗೆ ಇನ್ನೂ ಆರು ತಿಂಗಳು. ನಮ್ಮ ರಾಜ್ಯದಲ್ಲಿ ಹುಡುಗಿಯರ ಹೈಸ್ಕೂಲ್ ಸಾಕರ್ ವಸಂತದಲ್ಲಿ. ಬಿಟ್ಟುಹೋದ ಮೆಟ್ಟಿಲನ್ನು ಅವಳು ಆಗ ಹತ್ತಿದಳು. ಮತ್ತೊಂದು ಕ್ಲಿನಿಕ್, ಮತ್ತೊಂದು ಪರೀಕ್ಷೆ, ತಲೆಯಲ್ಲಿ ಮೂರನೇ ನಿಯಮ ಪುಸ್ತಕ. ಹಾಫ್ 40 ನಿಮಿಷ, ಆದರೆ ಗಡಿಯಾರ ಅದೇ ರೀತಿ ಮೇಲಿಂದ ಕೆಳಗೆ, ಸನ್ನೆ ಕೂಡ ಅದೇ. ವಾರಕ್ಕೆ ಎರಡು ಮೂರು ಪಂದ್ಯ. ಮಗಳನ್ನು ಸ್ಕೂಲಿನಿಂದ ಕರೆತರಲು ನಾನು ಮಧ್ಯಾಹ್ನದ ಮೀಟಿಂಗ್‌ಗಳನ್ನು ಕಾರಿನಲ್ಲಿ ಕೂತು ಮುಗಿಸಿದೆ. 2018ರಲ್ಲೇ ಹೀಗೆ ಮಾಡಬಹುದಿತ್ತು. ಮಾಡಲಿಲ್ಲ.

ಮೇ ಕೊನೆಗೆ ಕೈ ಕಲಿತಿತ್ತು. ಗೋಲ್ ಆದರೆ ಅವಳು ಯೋಚಿಸುವ ಮೊದಲೇ ಮೇಲೆ ಹೋಗುತ್ತಿತ್ತು. ಆ ವರ್ಷದ ಸೀಸನ್‌ನಲ್ಲಿ ಅಸೈನರ್ ಮೊದಲು ಕೊಟ್ಟಿದ್ದು ಒಂದೇ ಪಂದ್ಯ, ಅದೂ ಯಾರೋ ಕೊನೇ ಗಳಿಗೆಯಲ್ಲಿ ಬರಲಾಗದೆ ಬಿಟ್ಟದ್ದು, ಒಂದೂವರೆ ಗಂಟೆ ದೂರ. ಹೋದಳು. ಅಲ್ಲಿಂದ ಮುಂದೆ ಪಂದ್ಯ ಬರುತ್ತಿವೆ. ಡಿವಿಷನ್ 3ರಲ್ಲಿ ಸೆಂಟರ್, ಆಗೊಮ್ಮೆ ಈಗೊಮ್ಮೆ ಡಿವಿಷನ್ 2ರಲ್ಲಿ ಲೈನ್. ಡಿವಿಷನ್ 1 ಇನ್ನೂ ಆಗಿಲ್ಲ. ದುಡ್ಡಿನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಗುತ್ತಿಗೆದಾರರಾದ್ದರಿಂದ ಟ್ಯಾಕ್ಸ್ ಯಾರೂ ಹಿಡಿಯುವುದಿಲ್ಲ, ನಾವೇ ಕಟ್ಟಬೇಕು. ಓಡಿಸಿದ ಮೈಲಿ ಬರೆದಿಡದಿದ್ದರೆ ನಷ್ಟ.

2024ರಲ್ಲಿ ಮಗಳಿಗೆ 13 ತುಂಬಿತು. ಅವಳು ಗ್ರಾಸ್‌ರೂಟ್ಸ್ ಕೋರ್ಸ್ ಮಾಡಿದಳು. ಅಮ್ಮ ತನ್ನ ಹಳೇ ವಾಚ್ ಕೊಟ್ಟಳು. ಮೊದಲ ಪಂದ್ಯ ಎಂಟು ವರ್ಷದೊಳಗಿನ ಮಕ್ಕಳದ್ದು. ಪಾರ್ಕಿನ ಮೂಲೆಯ ಗ್ರೌಂಡು, ಸ್ಕೋರ್‌ಬೋರ್ಡ್ ಇಲ್ಲ, ಟೇಬಲ್ ಇಲ್ಲ, ಟೈಮ್‌ಕೀಪರ್ ಇಲ್ಲ. ಐದನೇ ನಿಮಿಷಕ್ಕೆ ಒಬ್ಬ ಪುಟಾಣಿ ಗೋಲ್ ಹೊಡೆದ. ನಮ್ಮ ಮಗಳು ಗಂಭೀರವಾಗಿ ಎರಡೂ ಕೈ ಎತ್ತಿ ತಲೆ ಮೇಲೆ ಅಡ್ಡ ಹಾಕಿದಳು. ಕೋಚ್ ಸುತ್ತ ಮುತ್ತ ನೋಡಿ, ಯಾರಿಗಾದರೂ ಏಟಾಯಿತಾ ಅಂತ ಕೇಳಿದರು.